ಕಡಲಹುಲ್ಲಿನ ರೋಗಕ್ಕೆ ಮಾಡೆಲ್ ಕಟ್ಟುವುದು: ಪೋಸ್ಟ್‌ಡಾಕ್ ಸಂಶೋಧಕರಿಗೊಂದು ಮಾರ್ಗದರ್ಶಿ

ಈಲ್‌ಗ್ರಾಸ್ ಎಂಬ ಕಡಲಹುಲ್ಲಿನ ನೂರು ಎಲೆ ಕಿತ್ತು ನೋಡಿದಿರಿ, 55ರಲ್ಲಿ ಕಪ್ಪು ಅಂಚಿನ ಕಲೆಗಳಿವೆ. ಹೋದ ವರ್ಷ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ 45 ಇತ್ತು. ಈ ವರ್ಷ ನೀರು ಬಿಸಿಯಾಗಿತ್ತು. ಹಾಗಾದರೆ ಬಿಸಿಯಿಂದ ರೋಗ ಹರಡುವುದು ಜಾಸ್ತಿಯಾಯಿತು ಎಂದು ಬರೆದುಬಿಡಬಹುದೇ? ಬರೆಯಬಾರದು. ಎಲೆಗಳು ಎಷ್ಟು ದಿನ ಹಳೆಯವು ಎಂದು ಗೊತ್ತಾಗುವ ತನಕ ಈ ಎರಡು ಸಂಖ್ಯೆಗಳನ್ನು ಹೋಲಿಸುವುದಕ್ಕೇ ಬರುವುದಿಲ್ಲ. ಕಡಲ ಸಸ್ಯಗಳ ರೋಗದ ಮಾಡೆಲ್‌ಗಳು, ಅಂದರೆ ರೋಗದ ಏರಿಳಿತವನ್ನು ಗಣಿತದಲ್ಲಿ ಬರೆಯುವ ಪ್ರಯತ್ನಗಳು, ಹಳ್ಳ ಹಿಡಿಯುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಈ ಲೇಖನದಲ್ಲಿ ಎಲೆಯ ವಯಸ್ಸಿಗೆ ಬೇರೆಲ್ಲಕ್ಕಿಂತ ಹೆಚ್ಚು ಜಾಗ ಕೊಟ್ಟಿದೆ.

ಪಿಎಚ್‌ಡಿ ಮುಗಿಸಿ, ಒಂದೆರಡು ವರ್ಷದ ಪೋಸ್ಟ್‌ಡಾಕ್ ಹುದ್ದೆಯಲ್ಲಿ ಈ ಕೆಲಸಕ್ಕೆ ಇಳಿಯುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಅಂಕಿಅಂಶ ಗೊತ್ತಿದ್ದು ಕಡಲು ಹೊಸದಾದವರಿಗೂ, ಕಡಲು ಗೊತ್ತಿದ್ದು ಮಾಡೆಲಿಂಗ್ ಹೊಸದಾದವರಿಗೂ ಉಪಯೋಗಕ್ಕೆ ಬಂದೀತು.

ರೋಗದ ಹಿನ್ನೆಲೆ, ಚುಟುಕಾಗಿ

ಈ ಕ್ಷೇತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಅಭ್ಯಾಸವಾಗಿರುವುದು ಈಲ್‌ಗ್ರಾಸ್‌ನ, ಅಂದರೆ ಜೋಸ್ಟೆರಾ ಮರೀನಾದ, ವೇಸ್ಟಿಂಗ್ ರೋಗ. 1930ರ ದಶಕದ ಆರಂಭದಲ್ಲಿ ಉತ್ತರ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಈ ಹುಲ್ಲಿನ ಬಹುಪಾಲು ನಾಶವಾಯಿತು, ಸುಮಾರು ಶೇ. 90 ಎಂಬ ಅಂದಾಜು ಸಾಮಾನ್ಯವಾಗಿ ಉಲ್ಲೇಖವಾಗುತ್ತದೆ. ಈ ಎಲೆಗಳನ್ನೇ ನಂಬಿ ಬದುಕಿದ್ದ ಲೋಟಿಯಾ ಆಲ್ವಿಯಸ್ ಎಂಬ ಪುಟ್ಟ ಲಿಂಪೆಟ್ ಬಸವನಹುಳು ಆಗಲೇ ಅಳಿದುಹೋಯಿತು. ಕಾರಣ ಲ್ಯಾಬಿರಿಂಥುಲಾ ಗುಂಪಿನ ಜೀವಿ ಎಂಬುದು ಪ್ರಯೋಗಗಳಲ್ಲಿ ಖಚಿತವಾದದ್ದು 1980ರ ದಶಕದಲ್ಲಿ, ಅದಕ್ಕೆ ಲ್ಯಾಬಿರಿಂಥುಲಾ ಜೋಸ್ಟೆರೇ ಎಂದು ಹೆಸರಿಟ್ಟದ್ದು 1991ರಲ್ಲಿ. ಇದು ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ನೂಲುವ ಕದಿರಿನ ಆಕಾರದ ಒಂಟಿ ಜೀವಕೋಶಗಳು ತಾವೇ ಸ್ರವಿಸಿದ ಲೋಳೆಯಂಥ ಜಾಲದಲ್ಲಿ ಜಾರುತ್ತಾ ಎಲೆಯ ಒಳಗೆ ಹೋಗುತ್ತವೆ.

ಮಾಡೆಲ್ ಕಟ್ಟುವವರು ಇದರ ಮೂರು ಗುಣ ನೆನಪಿಡಬೇಕು. ಸೋಂಕು ಹೆಚ್ಚಾಗಿ ಎಲೆಗೆ ಎಲೆ ತಾಗಿ ಹರಡುತ್ತದೆ, ಹಾಗಾಗಿ ದಟ್ಟಣೆ ಮುಖ್ಯ. ಉಪ್ಪಿನಂಶ ಕಡಿಮೆ ಇರುವ ನೀರಿನಲ್ಲಿ ರೋಗ ಬಲ ಕಳೆದುಕೊಳ್ಳುತ್ತದೆ. 1930ರ ದಶಕದಲ್ಲಿ ನದೀಮುಖಗಳ ಹುಲ್ಲು ಉಳಿದದ್ದು ಇದೇ ಕಾರಣಕ್ಕೆ. ಮೂರನೆಯದು, ಈ ಜೀವಿ ಆರೋಗ್ಯವಂತ ಹುಲ್ಲಿನಲ್ಲೂ ಇರುತ್ತದೆ. ಡಿಎನ್‌ಎ ಸಿಕ್ಕ ಮಾತ್ರಕ್ಕೆ ರೋಗ ಎಂದಲ್ಲ. 1987ರಲ್ಲಿ ಫ್ಲೋರಿಡಾ ಕೊಲ್ಲಿಯಲ್ಲಿ ಆಮೆಹುಲ್ಲು ಎಂಬ ಇನ್ನೊಂದು ಕಡಲಹುಲ್ಲು ರಾಶಿರಾಶಿ ಸತ್ತಾಗ ಮೊದಲು ಅನುಮಾನ ಬಂದದ್ದು ಲ್ಯಾಬಿರಿಂಥುಲಾ ಮೇಲೆ. ಆಮ್ಲಜನಕದ ಕೊರತೆ, ಸಲ್ಫೈಡ್ ವಿಷ, ಹೆಚ್ಚಿದ ಉಪ್ಪು ಮತ್ತು ಶಾಖ ಸೇರಿ ಕೊಂದವು ಎಂಬ ವಿವರಣೆಗೆ ಆಮೇಲೆ ತೂಕ ಬಂತು.

ಹುದ್ದೆ ಒಪ್ಪುವ ಮೊದಲು ಕೇಳಬೇಕಾದ್ದು

ಸಂಬಳ, ಅವಧಿಯ ಮಾತು ಹೇಗೂ ಆಗುತ್ತದೆ. ಮರೆತುಹೋಗುವುದು ಡೇಟಾದ ಮಾತು. ಹಳೆಯ ಸಮೀಕ್ಷೆಗಳ ಎಲೆಯ ಚಿತ್ರಗಳು ಮೂಲ ರೂಪದಲ್ಲಿ ಉಳಿದಿವೆಯೇ, ಇಲ್ಲ ಎಕ್ಸೆಲ್ ಹಾಳೆಯಲ್ಲಿ ಶೇಕಡಾವಾರು ಮಾತ್ರ ಇದೆಯೇ? ಚಿತ್ರಗಳಿದ್ದರೆ ಎಲ್ಲವನ್ನೂ ಒಂದೇ ಅಳತೆಗೋಲಿನಿಂದ ಮತ್ತೆ ಅಳೆಯಬಹುದು. ಇಲ್ಲದಿದ್ದರೆ ಬೇರೆ ಬೇರೆ ವರ್ಷ, ಬೇರೆ ಬೇರೆ ಕಣ್ಣುಗಳು ಕೊಟ್ಟ ಅಂದಾಜನ್ನು ನಂಬಿ ಕೂರಬೇಕು. ಕಿತ್ತ ಎಲೆ ಎಷ್ಟನೆಯದು ಎಂದು ಬರೆದಿಟ್ಟಿದ್ದಾರೆಯೇ ಎಂಬುದು ಎರಡನೆಯ ಪ್ರಶ್ನೆ. ಫ್ರೀಜರಿನಲ್ಲಿ ಅಂಗಾಂಶ ಉಳಿದಿದ್ದರೆ ಕ್ಯೂಪಿಸಿಆರ್, ಅಂದರೆ ರೋಗಕಾರಕದ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಲು ಹಣ ಉಂಟೋ ಎಂಬುದು ಮೂರನೆಯದು. ಬೇರೆ ಲ್ಯಾಬ್‌ಗಳ ಡೇಟಾ ಸೇರಿದ್ದರೆ ಯಾರ ಹೆಸರು ಯಾವ ಪ್ರಬಂಧದಲ್ಲಿ ಬರುತ್ತದೆ ಎಂಬುದನ್ನು ಸೇರುವ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ.

ಸೇರುವ ತಿಂಗಳನ್ನೂ ಲೆಕ್ಕ ಹಾಕಿ. ಸಮಶೀತೋಷ್ಣ ಕಡಲಲ್ಲಿ ಈ ರೋಗ ಬೇಸಿಗೆಯಲ್ಲಿ ಏರುತ್ತದೆ, ಸಮೀಕ್ಷೆ ಆಗುವುದು ಬೇಸಿಗೆಯ ದೊಡ್ಡ ಇಳಿತದ ದಿನಗಳಲ್ಲಿ. ಬೇಸಿಗೆ ಮುಗಿದ ಮೇಲೆ ಸೇರಿದರೆ ಎರಡು ವರ್ಷದ ಹುದ್ದೆಯಲ್ಲೂ ಕೈಗೆ ಸಿಗುವ ಪೂರ್ತಿ ಬೇಸಿಗೆ ಎರಡೇ. ಎರಡನೆಯದರ ಡೇಟಾ ಸಿದ್ಧವಾಗುವ ಹೊತ್ತಿಗೆ ಹುದ್ದೆಯೇ ಮುಗಿದಿರುತ್ತದೆ. ಆದ್ದರಿಂದ ಮೊದಲ ಪ್ರಬಂಧ ಹಳೆಯ ಡೇಟಾದಿಂದ ಬರುವಂತೆ ಯೋಜಿಸುವುದೇ ಜಾಣತನ.

ಅರ್ಜಿಯೊಂದಿಗೆ ಒಂದು ಪುಟದ ಯೋಜನೆ ಕಳಿಸುವುದಾದರೆ "ಹವಾಮಾನ ಬದಲಾವಣೆ ಮತ್ತು ಕಡಲ ರೋಗಗಳು" ಎಂಬಂಥ ಅಗಲದ ವಿಷಯ ಬೇಡ. ಯಾವ ಪ್ರಮಾಣವನ್ನು ಅಂದಾಜು ಮಾಡುತ್ತೀರಿ, ಅದಕ್ಕೆ ಯಾವ ಡೇಟಾ ಬೇಕು, ಏನು ಸಿಗದಿದ್ದರೆ ಅದು ಸಾಧ್ಯವಿಲ್ಲ ಎಂಬ ಮೂರು ಮಾತು ಸಾಕು.

ಎಲೆ ಕೀಳುವುದು, ಸ್ಕ್ಯಾನ್ ಮಾಡುವುದು

ನೀವು ಮಾಡೆಲ್‌ನವರೇ ಆದರೂ ಒಂದು ಸಲವಾದರೂ ಕೆಸರಿಗೆ ಇಳಿಯಿರಿ. ಡೇಟಾ ಎಲ್ಲಿ ಕೆಡುತ್ತದೆ ಎಂಬುದು ಪರದೆಯ ಮುಂದೆ ಕುಳಿತರೆ ತಿಳಿಯುವುದಿಲ್ಲ.

ಸಾಮಾನ್ಯ ಕ್ರಮ ಹೀಗೆ. ಹುಲ್ಲುಗಾವಲಿನಲ್ಲಿ ದಡಕ್ಕೆ ಸಮಾನಾಂತರವಾಗಿ ಮೂರು ಟ್ರಾನ್ಸೆಕ್ಟ್ ಹಗ್ಗ, ಅಂದರೆ ಮಾದರಿ ತೆಗೆಯುವ ನೇರ ಗೆರೆ, ಎಳೆಯಿರಿ. ಪ್ರತಿ ಹಗ್ಗದ ಉದ್ದಕ್ಕೂ ಸಮ ಅಂತರದಲ್ಲಿ 20 ಶೂಟ್, ಅಂದರೆ ಒಂದೇ ಬುಡದಿಂದ ಎದ್ದ ಎಲೆಗಳ ಕಟ್ಟು, ಆಯ್ದುಕೊಳ್ಳಿ. ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಆರಿಸಬೇಡಿ. ಗುರುತಿನ ಮೇಲೆ ಕೈ ಇಟ್ಟಾಗ ಮೊದಲು ತಾಗಿದ ಶೂಟ್ ತೆಗೆಯಿರಿ. ಒಳಗಿನ ಅತಿ ಎಳೆಯದನ್ನು ಒಂದು ಎಂದು ಎಣಿಸಿ ಮೂರನೆಯ ಎಲೆಯನ್ನು ಒರೆಯ, ಅಂದರೆ ಎಲೆಗಳ ಬುಡವನ್ನು ಸುತ್ತಿದ ಪೊರೆಯ, ಅಂಚಿನಿಂದ ಬಿಡಿಸಿ. ಮೊದಲ ಎಲೆಯಲ್ಲಿ ಕಲೆ ಇರುವುದು ಅಪರೂಪ, ಐದನೆಯದು ಮುಪ್ಪಿನಿಂದ ಕಂದಾಗಿರುತ್ತದೆ. ಮೂರನೆಯದನ್ನು ಹಿಡಿಯುವುದು ಅದಕ್ಕೆ. ಪ್ರತಿ ಟ್ರಾನ್ಸೆಕ್ಟ್‌ನಲ್ಲಿ ಐದಾರು ಶೂಟ್‌ಗಳಿಂದ ಎರಡನೆಯ ಮತ್ತು ನಾಲ್ಕನೆಯ ಎಲೆಗಳನ್ನೂ ತೆಗೆದಿಟ್ಟುಕೊಳ್ಳಿ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಮುಂದೆ ಇದೇ ನಿಮ್ಮ ಕೈ ಹಿಡಿಯುವುದು.

ಎಲೆಗಳನ್ನು ಕಡಲ ನೀರಿನಲ್ಲಿ ಒದ್ದೆ ಮಾಡಿ, ಜಿಪ್ ಚೀಲಕ್ಕೆ ಹಾಕಿ, ಐಸ್ ಪೆಟ್ಟಿಗೆಯಲ್ಲಿ ತನ್ನಿ. ಐಸಿಗೆ ನೇರ ತಾಗಿಸಬೇಡಿ. ಸಿಹಿನೀರಿನಲ್ಲಿ ತೊಳೆಯಲೇಬೇಡಿ, ಜೀವಕೋಶ ಕೆಟ್ಟು ಎಲೆಯ ಬಣ್ಣ ಬದಲಾಗಬಹುದು, ರೋಗಕಾರಕಕ್ಕೂ ಹಾನಿಯಾಗಬಹುದು. ಫ್ರೀಜ್ ಮಾಡಿ ಕರಗಿಸಿದ ಎಲೆಯೂ ಕಂದು ತಿರುಗುವುದರಿಂದ ಸ್ಕ್ಯಾನ್ ಮೊದಲು, ಫ್ರೀಜರ್ ಆಮೇಲೆ. ಒಂದು, ಹೆಚ್ಚೆಂದರೆ ಎರಡು ದಿನದೊಳಗೆ ಸ್ಕ್ಯಾನ್ ಮುಗಿಯಬೇಕು. ಎಲೆಯ ಮೇಲೆ ಬೆಳೆದ ಪಾಚಿಯನ್ನು ಬೆರಳಿನಿಂದಲೋ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದಲೋ ಬುಡದಿಂದ ತುದಿಯ ಕಡೆಗೆ ಮೆಲ್ಲಗೆ ಸವರಿ ತೆಗೆಯಿರಿ. ಬ್ಲೇಡ್ ಬಳಸಿದರೆ ಗೀರು ಬೀಳುತ್ತದೆ, ಗೀರು ಸ್ಕ್ಯಾನಿನಲ್ಲಿ ಕಲೆಯಂತೆ ಕಾಣುತ್ತದೆ.

ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 600 ಡಿಪಿಐ ಇಡಿ. ಇದರಲ್ಲಿ ಒಂದು ಮಿಲಿಮೀಟರಿಗೆ ಸುಮಾರು 23.6 ಪಿಕ್ಸೆಲ್, ಅಂದರೆ ಒಂದು ಚದರ ಮಿಲಿಮೀಟರಿನ ಕಲೆಗೆ ಸುಮಾರು 558 ಪಿಕ್ಸೆಲ್ ಸಿಗುತ್ತದೆ. 300 ಡಿಪಿಐಗೆ ಇಳಿಸಿದರೆ ಅದೇ ಕಲೆಗೆ 140 ಮಾತ್ರ. ನಡುವೆ ಬೂದು, ಸುತ್ತ ಕಪ್ಪು ಅಂಚು ಎಂಬ ಗುರುತೇ ಮಸುಕಾಗುತ್ತದೆ. ಪ್ರತಿ ಚಿತ್ರದಲ್ಲೂ ಒಂದು ಅಳತೆಪಟ್ಟಿ ಇರಲಿ. ಸ್ಕ್ಯಾನರಿನ ತಾನೇ ಬಣ್ಣ ತಿದ್ದುವ ಸೌಲಭ್ಯ ಆಫ್ ಮಾಡಿಡಿ. ಅದು ಪ್ರತಿ ಹಾಳೆಗೂ ಬೇರೆ ಬೇರೆ ಹಸಿರು ಕೊಟ್ಟು ಕಂಪ್ಯೂಟರಿನ ದಾರಿ ತಪ್ಪಿಸುತ್ತದೆ. ಎಲೆಯ ಕೆಳಗೆ ಗಾಳಿಗುಳ್ಳೆ ಉಳಿದರೆ ಅದೂ ಕಲೆಯಾಗಿ ಎಣಿಕೆಗೆ ಬರುತ್ತದೆ.

ಕಲೆ ಅಳೆಯುವುದನ್ನು ಈಗ ಯಂತ್ರಕ್ಕೆ ಬಿಡಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಈಲಿಸಾ ಎಂಬ ತಂತ್ರಾಂಶ ಇಂಥ ಸ್ಕ್ಯಾನ್‌ಗಳಲ್ಲಿ ಎಲೆ ಯಾವುದು, ಕಲೆ ಯಾವುದು ಎಂದು ಬೇರ್ಪಡಿಸುತ್ತದೆ. ಸ್ಯಾನ್ ಡಿಯಾಗೊದಿಂದ ಅಲಾಸ್ಕಾವರೆಗಿನ ಹುಲ್ಲುಗಾವಲುಗಳಲ್ಲಿ ವಾಡಿಕೆಗಿಂತ ಬಿಸಿಯಾದ ನೀರಿಗೂ ಹೆಚ್ಚಿದ ರೋಗಕ್ಕೂ ನಂಟು ತೋರಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಬಳಸಿತ್ತು. ಆದರೆ ಹೊಸ ಊರಿನ ಹುಲ್ಲಿಗೆ ಇದನ್ನು ಹಾಗೇ ಬಳಸಬೇಡಿ. ಮೊದಲು ನಿಮ್ಮ 100–150 ಎಲೆಗಳನ್ನು ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಕೈಯಾರೆ ಗುರುತಿಸಲಿ. ಆಮೇಲೆ ಯಂತ್ರದ ಫಲಿತಾಂಶ ಪಕ್ಕದಲ್ಲಿಡಿ. ಇಬ್ಬರು ಮನುಷ್ಯರ ನಡುವಿನ ವ್ಯತ್ಯಾಸ ಯಂತ್ರದ್ದಕ್ಕಿಂತ ಹೆಚ್ಚಿದ್ದರೆ ಆಶ್ಚರ್ಯಪಡಬೇಡಿ.

ಕಂಡ ಸಂಖ್ಯೆ, ನಿಜವಾದ ಸಂಖ್ಯೆ

ಬಸವನಹುಳು ಕೆರೆದ ಗಾಯ, ಬಿಸಿಲಿಗೆ ಒಣಗಿದ ತುದಿ, ಮುಪ್ಪು, ಉಳಿದ ಪಾಚಿ, ಇವೆಲ್ಲ ರೋಗದ ವೇಷ ಹಾಕುತ್ತವೆ. ಆದ್ದರಿಂದ ಗುರುತಿಸುವಿಕೆಯ ಸೂಕ್ಷ್ಮತೆ (ರೋಗ ಇರುವ ಎಲೆಗಳಲ್ಲಿ ಎಷ್ಟು ಪಾಲನ್ನು ಹಿಡಿಯುತ್ತದೆ) ಮತ್ತು ನಿರ್ದಿಷ್ಟತೆ (ರೋಗ ಇಲ್ಲದವುಗಳಲ್ಲಿ ಎಷ್ಟು ಪಾಲನ್ನು ಇಲ್ಲ ಎಂದೇ ಹೇಳುತ್ತದೆ) ಎರಡನ್ನೂ ಅಂದಾಜು ಮಾಡಲೇಬೇಕು. ಕಲೆ ಇರುವ ಮತ್ತು ಇಲ್ಲದ ಎಲೆಗಳೆರಡರಿಂದಲೂ ಒಂದಷ್ಟನ್ನು ಕ್ಯೂಪಿಸಿಆರ್‌ಗೆ ಕಳಿಸಿ. ಕಲೆ ಇರುವುದನ್ನು ಮಾತ್ರ ಕಳಿಸುವುದು ರೂಢಿಯಾಗಿಬಿಟ್ಟಿದೆ; ಅದರಿಂದ ಯಂತ್ರ ಕಾಣದೆ ಬಿಟ್ಟದ್ದೆಷ್ಟು ಎಂಬುದು ಎಂದಿಗೂ ಗೊತ್ತಾಗುವುದಿಲ್ಲ.

ತಿದ್ದುವ ಲೆಕ್ಕ ಸರಳ: ಕಂಡ ಪ್ರಮಾಣಕ್ಕೆ ನಿರ್ದಿಷ್ಟತೆಯನ್ನು ಕೂಡಿ 1 ಕಳೆಯಿರಿ. ಬಂದದ್ದನ್ನು, ಸೂಕ್ಷ್ಮತೆ ಮತ್ತು ನಿರ್ದಿಷ್ಟತೆಯ ಮೊತ್ತದಿಂದ 1 ಕಳೆದು ಉಳಿದದ್ದರಿಂದ ಭಾಗಿಸಿ. ಸೂಕ್ಷ್ಮತೆ 0.85, ನಿರ್ದಿಷ್ಟತೆ 0.90 ಎಂದಿಟ್ಟುಕೊಳ್ಳಿ. ಕಂಡದ್ದು 0.25 ಆದರೆ ನಿಜವಾದದ್ದು 0.15 ಭಾಗಿಸು 0.75, ಅಂದರೆ 0.20. ಕಂಡದ್ದು 0.08 ಆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ನೀವು ಕಂಡದ್ದೆಲ್ಲ ತಪ್ಪು ಗುರುತೇ ಇರಬಹುದು ಎಂದು ಅದರ ಅರ್ಥ. ಹೀಗಾಗಿ ಸೂತ್ರವನ್ನು ಕೊನೆಗೆ ಅಂಟಿಸುವ ಬದಲು, ಈ ಎರಡು ಪ್ರಮಾಣಗಳನ್ನೂ ಅವುಗಳ ಅನಿಶ್ಚಿತತೆಯ ಸಮೇತ, ಮೊದಲೇ ಗೊತ್ತಿದ್ದದ್ದನ್ನೂ ಡೇಟಾವನ್ನೂ ಸೇರಿಸಿ ಲೆಕ್ಕ ಹಾಕುವ ಬೇಸಿಯನ್ ಮಾಡೆಲ್‌ನ ಒಳಗೇ ಇಡುವುದು ಮೇಲು. ರೋಗ ಕಡಿಮೆ ಇರುವ ತಾಣಗಳಲ್ಲಿ ಇದರಿಂದ ತೀರ್ಮಾನವೇ ಬದಲಾಗಬಹುದು.

ಎಲೆಯ ವಯಸ್ಸು

ಈಲ್‌ಗ್ರಾಸ್ ಎಲೆ ಒಳಗಿನಿಂದ ಹುಟ್ಟುತ್ತದೆ, ಹೊರಗಿನದು ಉದುರುತ್ತದೆ. ಎರಡು ಹೊಸ ಎಲೆಗಳ ಹುಟ್ಟಿನ ನಡುವಿನ ಅಂತರವೇ ಪ್ಲಾಸ್ಟೊಕ್ರೋನ್ ಅವಧಿ. ಅದನ್ನು ಅಳೆಯಲು ಸಿರಿಂಜಿನ ಸೂಜಿ ಸಾಕು. ರೋಗದ ಸಮೀಕ್ಷೆಗೆ ಎರಡು ವಾರ ಮೊದಲು 30 ಶೂಟ್‌ಗಳ ಒರೆಯ ಮೇಲ್ಭಾಗದಲ್ಲಿ, ಒಳಗಿನ ಎಲ್ಲ ಎಲೆಗಳನ್ನೂ ತೂರುವಂತೆ ಒಂದು ತೂತು ಚುಚ್ಚಿ, ಸಡಿಲವಾಗಿ ನಂಬರಿನ ಪಟ್ಟಿ ಕಟ್ಟಿ. ಹದಿನಾಲ್ಕು ದಿನಕ್ಕೆ ಹಿಂತಿರುಗಿ, ತೂತಿಲ್ಲದ ಎಲೆಗಳನ್ನು ಎಣಿಸಿ. ಅವು ಈಚೆಗೆ ಹುಟ್ಟಿದವು. 30 ಶೂಟ್‌ಗಳಲ್ಲಿ ಒಟ್ಟು 35 ಹೊಸ ಎಲೆ ಸಿಕ್ಕರೆ, 30 ಗುಣಿಸು 14 ಭಾಗಿಸು 35, ಅಂದರೆ 12 ದಿನಕ್ಕೊಂದು ಎಲೆ. ಚುಚ್ಚಿದ ಶೂಟ್‌ಗಳನ್ನು ರೋಗದ ಎಣಿಕೆಗೆ ಸೇರಿಸಬೇಡಿ, ಗಾಯವೇ ಸೋಂಕಿಗೆ ಬಾಗಿಲಾಗಬಹುದು.

ಈಗ ಮೂರನೆಯ ಎಲೆಯ ವಯಸ್ಸು 24ರಿಂದ 36 ದಿನದ ನಡುವೆ, ಸರಾಸರಿ 30. ಎಲೆಗೆ ದಿನವೂ ಒಂದೇ ದರದಲ್ಲಿ ಸೋಂಕಿನ ಅಪಾಯ ಇದೆ ಎಂದು ಭಾವಿಸಿದರೆ, ಆರೋಗ್ಯವಾಗಿ ಉಳಿದ ಪಾಲು ವಯಸ್ಸಿನೊಂದಿಗೆ ಘಾತೀಯವಾಗಿ ಕುಗ್ಗುತ್ತದೆ. ಶೇ. 45ಕ್ಕೆ ರೋಗ ಇದ್ದರೆ ಉಳಿದದ್ದು 0.55. ಅದರ ಸ್ವಾಭಾವಿಕ ಲಾಗ್ ಮೈನಸ್ 0.60, 30ರಿಂದ ಭಾಗಿಸಿದರೆ ಸೋಂಕಿನ ದರ ದಿನಕ್ಕೆ 0.02.

ಈ ದರವನ್ನು ಹಾಗೇ ಇಟ್ಟು ಎಲೆಯ ವೇಗ ಮಾತ್ರ ಬದಲಿಸಿ ನೋಡಿ. ಹಿತವಾದ ಬೆಚ್ಚಗಿನ ನೀರಿನಲ್ಲಿ 8 ದಿನಕ್ಕೊಂದು ಎಲೆ ಬಂದರೆ ಮೂರನೆಯ ಎಲೆಗೆ 20 ದಿನ, ರೋಗ ಶೇ. 33. ಬಿಸಿ ಅತಿಯಾಗಿ ಹುಲ್ಲು ಬಳಲಿ, 16 ದಿನಕ್ಕೊಂದು ಎಲೆ ಬಂದರೆ ವಯಸ್ಸು 40 ದಿನ, ರೋಗ ಶೇ. 55. ರೋಗಕಾರಕ ಒಂದಿಷ್ಟೂ ಬಲಿತಿಲ್ಲ. ಆದರೂ ಒಂದು ಕಡೆ ಇಳಿಕೆ, ಇನ್ನೊಂದು ಕಡೆ ಏರಿಕೆ. ಆರಂಭದಲ್ಲಿ ಹೇಳಿದ 45 ಮತ್ತು 55 ಹೀಗೂ ಬರಬಹುದು. ತಾಪಮಾನ ಹುಲ್ಲಿನ ಬೆಳವಣಿಗೆಯನ್ನೂ ರೋಗಕಾರಕವನ್ನೂ ಒಟ್ಟಿಗೇ ಮುಟ್ಟುತ್ತದೆ. ವಯಸ್ಸನ್ನು ಬಿಟ್ಟರೆ ಎರಡೂ ಒಂದೇ ಗುಣಾಂಕದಲ್ಲಿ ಕಲಸಿಹೋಗುತ್ತವೆ.

ಇದನ್ನು ಮಾಡೆಲ್‌ಗೆ ತರುವ ದಾರಿ ಸುಲಭ. ರೋಗ ಇದೆ, ಇಲ್ಲ ಎಂಬ ದ್ವಿಪದ ರಿಗ್ರೆಶನ್‌ನಲ್ಲಿ ವಾಡಿಕೆಯ ಲಾಜಿಟ್ ಬದಲು ಕಾಂಪ್ಲಿಮೆಂಟರಿ ಲಾಗ್-ಲಾಗ್ ಲಿಂಕ್ ಬಳಸಿ, ಎಲೆಯ ವಯಸ್ಸಿನ ಲಾಗ್ ಅನ್ನು ಆಫ್‌ಸೆಟ್ ಆಗಿ, ಅಂದರೆ ಗುಣಾಂಕ 1 ಎಂದು ನಿಗದಿಯಾದ ಚರಾಂಶವಾಗಿ, ಕೊಡಿ. ಆಗ ಉಳಿದ ಗುಣಾಂಕಗಳೆಲ್ಲ ನೇರವಾಗಿ ಸೋಂಕಿನ ದರದ ಲಾಗ್ ಮೇಲೆ ಕೆಲಸ ಮಾಡುತ್ತವೆ. ತಾಪಮಾನದ ಗುಣಾಂಕ 0.3 ಬಂದರೆ ಒಂದು ಡಿಗ್ರಿಗೆ ಸೋಂಕಿನ ದರ ಸುಮಾರು 1.35 ಪಟ್ಟು ಎಂದು ಓದಬಹುದು.

ತೆಗೆದಿಟ್ಟ ಎರಡನೆಯ, ನಾಲ್ಕನೆಯ ಎಲೆಗಳು ಈಗ ಸಾಕ್ಷಿ ಹೇಳುತ್ತವೆ. ದರ 0.02, ಅವಧಿ 12 ದಿನ ಆದರೆ ಎರಡನೆಯದರಲ್ಲಿ ಸುಮಾರು ಶೇ. 30, ನಾಲ್ಕನೆಯದರಲ್ಲಿ ಶೇ. 57 ಬರಬೇಕು. ನಾಲ್ಕನೆಯದರಲ್ಲಿ ಮೂರನೆಯದಕ್ಕಿಂತ ಕಡಿಮೆ ಬಂದರೆ ರೋಗಿಷ್ಠ ಎಲೆಗಳು ಬೇಗ ಉದುರುತ್ತಿವೆ ಎಂದು ಶಂಕಿಸಿ. ಎರಡನೆಯದರಲ್ಲಿ ನಿರೀಕ್ಷೆಗಿಂತ ಬಹಳ ಹೆಚ್ಚಿದ್ದರೆ ಈಚಿನ ಎರಡು ವಾರಗಳಲ್ಲಿ ಸೋಂಕು ಏರಿದೆ, ಅಂದರೆ ದರ ಸ್ಥಿರ ಎಂಬ ಊಹೆ ಬಿದ್ದಿತು. ಆಗ ದರವನ್ನು ದಿನಾಂಕದ ಜೊತೆ ಬದಲಾಗಲು ಬಿಡಬೇಕು.

ಹಳೆಯ ಡೇಟಾದಲ್ಲಿ ಪ್ಲಾಸ್ಟೊಕ್ರೋನ್ ಅಳತೆ ಇರುವುದು ಅಪರೂಪ. ಅದೇ ಪ್ರದೇಶದ ಬೇರೆ ವರ್ಷದ ಅಳತೆಗಳಿಂದ ತಾಪಮಾನಕ್ಕೂ ಅವಧಿಗೂ ಇರುವ ನಂಟನ್ನು ಪ್ರತ್ಯೇಕವಾಗಿ ಅಂದಾಜಿಸಿ, ಆ ಅನಿಶ್ಚಿತತೆಯನ್ನು ಸಾಗಿಸಿಕೊಂಡು ಬನ್ನಿ. ಫಲಿತಾಂಶದ ಅನಿಶ್ಚಿತತೆಯ ವ್ಯಾಪ್ತಿ ಅಗಲವಾಗುತ್ತದೆ, ಆಗಲಿ.

ತಾಪಮಾನದ ಡೇಟಾ

ಉಪಗ್ರಹದ ಸಮುದ್ರ ಮೇಲ್ಮೈ ತಾಪಮಾನ ಉಚಿತವಾಗಿ ಸಿಗುತ್ತದೆ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಒಐಎಸ್‌ಎಸ್‌ಟಿ ಎಂಬ ಸರಣಿ 1981ರ ಸೆಪ್ಟೆಂಬರ್‌ನಿಂದ ದಿನಕ್ಕೊಂದರಂತೆ, ಕಾಲು ಡಿಗ್ರಿಯ ಚೌಕದಲ್ಲಿ ಇದೆ. ಮೂರ್ ಎಂಬ ಇನ್ನೊಂದು ಸರಣಿ 2002ರಿಂದ, ಸುಮಾರು ಒಂದು ಕಿಲೋಮೀಟರಿನ ಚೌಕದಲ್ಲಿ. ಮೊದಲನೆಯದು ದೀರ್ಘ ಸರಾಸರಿ ಕಟ್ಟಲು, ಎರಡನೆಯದು ತಾಣದ ವಿವರಕ್ಕೆ. ಎರಡರ ಸಂಖ್ಯೆಗಳನ್ನು ಬೆರೆಸಿ ಒಂದೇ ಸರಣಿ ಮಾಡಬೇಡಿ.

ಕಾಲು ಡಿಗ್ರಿಯ ಚೌಕವೆಂದರೆ ಸುಮಾರು 28 ಕಿಲೋಮೀಟರ್ ಉದ್ದ. ನಿಮ್ಮ ಹುಲ್ಲುಗಾವಲು ಅದರ ಮೂಲೆಯಲ್ಲೆಲ್ಲೋ ಇರುತ್ತದೆ. ಇಳಿತದಲ್ಲಿ ಬರಿದಾಗಿ ಬಿಸಿಲು ಕಾಯುವ ಎಲೆಯ ಶಾಖ ಉಪಗ್ರಹಕ್ಕೆ ಕಾಣುವುದಿಲ್ಲ. ಹಾಗಾಗಿ ಎಲೆಗಳ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ದಾಖಲಿಸುವ ಲಾಗರ್‌ಗಳನ್ನು, ಬಿಳಿ ಪಿವಿಸಿ ಕೊಳವೆಯ ನೆರಳಿನಲ್ಲಿ ಇಡಿ. ಒಂದು ತಾಣಕ್ಕೆ ಎರಡಾದರೂ ಇರಲಿ, ಒಂದು ಕಳೆದೇ ಹೋಗುತ್ತದೆ. ಇಡುವ ಮೊದಲು ಮತ್ತು ತೆಗೆದ ಮೇಲೆ ಐಸ್ ನೀರಿನಲ್ಲಿ ಮುಳುಗಿಸಿ ಸೊನ್ನೆ ಡಿಗ್ರಿ ತೋರಿಸುತ್ತದೆಯೇ ನೋಡಿ. ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರಲಿ, ಸ್ಥಳೀಯ ಸಮಯ ಮತ್ತು ಉಬ್ಬರವಿಳಿತದ ಪಟ್ಟಿ ಒಂದು ಗಂಟೆ ಆಚೀಚೆಯಾದರೆ ನೀರಿನ ಶಾಖ ಯಾವುದು, ಗಾಳಿಯದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಮಾಡೆಲ್‌ಗೆ ನೇರ ತಾಪಮಾನ ಕೊಟ್ಟರೆ ಅಕ್ಷಾಂಶವೂ ಅದರ ಜೊತೆ ನುಸುಳುತ್ತದೆ: ದಕ್ಷಿಣದ ತಾಣ ಬಿಸಿ, ಜೊತೆಗೆ ಹುಲ್ಲಿನ ತಳಿಯೂ ಬೇರೆ, ಉಪ್ಪೂ ಬೇರೆ. ಅದಕ್ಕೆ ತಾಣದ ದೀರ್ಘ ಸರಾಸರಿಯನ್ನೂ ಆ ವರ್ಷ ಅದರಿಂದಾದ ವ್ಯತ್ಯಾಸವನ್ನೂ ಎರಡು ಬೇರೆ ಚರಾಂಶಗಳಾಗಿ ಕೊಡಿ. ಎಷ್ಟು ದಿನದ ಶಾಖ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಏಳು, ಹದಿನಾಲ್ಕು, ಮೂವತ್ತು, ಅರವತ್ತು, ತೊಂಬತ್ತು ಎಂದೆಲ್ಲ ಪ್ರಯತ್ನಿಸಿ ಚೆನ್ನಾಗಿ ಹೊಂದಿದ್ದನ್ನು ಹೆಕ್ಕುವುದು ಬಹಳ ಕಡೆ ನಡೆಯುತ್ತದೆ, ಅದನ್ನು ಬಿಡಿ. ಉತ್ತರ ಎಲೆಯಲ್ಲೇ ಇದೆ. ಮೂರನೆಯ ಎಲೆಗೆ 30 ದಿನ ವಯಸ್ಸಾದರೆ, ಅದು ಹುಟ್ಟುವ ಮೊದಲಿನ ಬಿಸಿ ಆ ಎಲೆಯನ್ನು ನೇರವಾಗಿ ಮುಟ್ಟಿಲ್ಲ. ಶಾಖ ಲೆಕ್ಕ ಹಾಕುವ ಅವಧಿ 30 ದಿನ ಎಂದು ಡೇಟಾ ನೋಡುವ ಮೊದಲೇ ಬರೆದಿಡಿ.

ಎಷ್ಟು ಎಲೆ ಇದ್ದರೆ ಸಾಕು?

ಒಂದು ತಾಣದಲ್ಲಿ 60 ಎಲೆ, ರೋಗ ಶೇ. 30. ಎಲೆಗಳು ಪರಸ್ಪರ ಸಂಬಂಧವಿಲ್ಲದವು ಎಂದುಕೊಂಡರೆ ಅಂದಾಜಿನ ದೋಷ ಆಚೀಚೆ ಶೇ. 12. ಆದರೆ ಒಂದೇ ಟ್ರಾನ್ಸೆಕ್ಟಿನ ಎಲೆಗಳು ಒಂದಕ್ಕೊಂದು ಸೋಂಕು ಹಂಚಿಕೊಂಡಿರುತ್ತವೆ. ಗುಂಪಿನೊಳಗಿನ ಸಹಸಂಬಂಧ 0.1 ಇದ್ದರೂ 20 ಎಲೆಯ ಗುಂಪಿನಲ್ಲಿ ಅಂದಾಜಿನ ವ್ಯತ್ಯಯ (ವೇರಿಯನ್ಸ್) 2.9 ಪಟ್ಟು ಹಿಗ್ಗುತ್ತದೆ. 60 ಎಲೆ ಸುಮಾರು 21ರಷ್ಟೇ ಮಾಹಿತಿ ಕೊಡುತ್ತವೆ, ದೋಷ ಶೇ. 20 ಆಗುತ್ತದೆ. ಟ್ರಾನ್ಸೆಕ್ಟಿಗೆ 40 ಎಲೆ ಮಾಡುವುದಕ್ಕಿಂತ ಟ್ರಾನ್ಸೆಕ್ಟ್‌ಗಳನ್ನು ಹೆಚ್ಚಿಸುವುದು ಲಾಭ. ತಾಪಮಾನದ ಪರಿಣಾಮ ತಿಳಿಯಬೇಕಿದ್ದರಂತೂ ಎಲೆಗಳ ಸಂಖ್ಯೆಗೆ ಅರ್ಥವೇ ಇಲ್ಲ. 10 ತಾಣ, 3 ವರ್ಷ ಎಂದರೆ 1,800 ಎಲೆ ಇರಬಹುದು, ತಾಪಮಾನದ ಬೇರೆ ಬೇರೆ ಮೌಲ್ಯ ಇರುವುದು 30 ಮಾತ್ರ. ತಾಣ, ವರ್ಷ, ಟ್ರಾನ್ಸೆಕ್ಟ್‌ಗಳನ್ನು ರ‍್ಯಾಂಡಮ್ ಎಫೆಕ್ಟ್ ಆಗಿ, ಅಂದರೆ ಒಂದೇ ಗುಂಪಿನ ಎಲೆಗಳ ಹೋಲಿಕೆಯನ್ನು ಲೆಕ್ಕಕ್ಕೆ ತರುವ ಪದಗಳಾಗಿ, ಹಾಕದೆ ಬಂದ ಸಣ್ಣ ಪಿ-ಮೌಲ್ಯವನ್ನು ನಂಬಬೇಡಿ.

ಕಲೆಯ ತೀವ್ರತೆ, ಅಂದರೆ ಎಲೆಯ ಎಷ್ಟು ಪಾಲು ಹಾಳಾಗಿದೆ ಎಂಬುದು, 0 ಮತ್ತು 1ರ ನಡುವಿನ ಸಂಖ್ಯೆ. ಬೀಟಾ ರಿಗ್ರೆಶನ್ ಇದಕ್ಕೆ ಸರಿ, ಆದರೆ ಅದು ಸೊನ್ನೆಯನ್ನು ಒಪ್ಪುವುದಿಲ್ಲ. ಸೊನ್ನೆಗಳನ್ನು 0.001 ಮಾಡಿ ತುರುಕುವುದು ಬೇಡ; ಆರೋಗ್ಯವಂತ ಎಲೆಯೂ ಚೂರು ರೋಗ ಇರುವ ಎಲೆಯೂ ಬೇರೆ ಬೇರೆ ಸಂಗತಿ. ರೋಗ ತಗಲಿತೇ ಎಂಬುದಕ್ಕೆ ಒಂದು ಭಾಗ, ತಗಲಿದ ಮೇಲೆ ಎಷ್ಟು ಹಬ್ಬಿತು ಎಂಬುದಕ್ಕೆ ಇನ್ನೊಂದು ಭಾಗ ಇರುವ ಹರ್ಡಲ್ ಮಾಡೆಲ್ ಹಾಕಿ. ಆರ್ ಭಾಷೆಯ ಜಿಎಲ್‌ಎಂಎಂಟಿಎಂಬಿ ಅಥವಾ ಬಿಆರ್‌ಎಂಎಸ್ ಪ್ಯಾಕೇಜುಗಳಲ್ಲಿ ಎರಡೂ ಭಾಗ ಬರೆಯಬಹುದು.

ಹರಡುವಿಕೆಯ ಮಾಡೆಲ್

ರಿಗ್ರೆಶನ್ ಸಾಲದೆ ರೋಗದ ಚಲನೆಯನ್ನೇ ಬರೆಯಬೇಕಾದಾಗ ಮನುಷ್ಯರ ಜ್ವರಕ್ಕೆ ಬರೆದ ಎಸ್‌ಐಆರ್ ಮಾಡೆಲ್ (ಸೋಂಕು ತಗಲಬಹುದಾದವರು, ಸೋಂಕಿತರು, ಗುಣವಾದವರು ಎಂಬ ಮೂರು ಗುಂಪಿನದು) ಅನ್ನು ನಕಲು ಮಾಡಬೇಡಿ. ಕಲೆ ಬಿದ್ದ ಎಲೆ ಸಾಮಾನ್ಯವಾಗಿ ಗುಣವಾಗುವುದಿಲ್ಲ, ಉದುರುತ್ತದೆ. ಆರೋಗ್ಯವಂತ, ಸೋಂಕಿತ ಎಂಬ ಎರಡೇ ಗುಂಪು ಸಾಕು: ಎಲೆಗಳು ಆರೋಗ್ಯವಾಗಿ ಹುಟ್ಟುತ್ತವೆ, ತಾಗಿ ಸೋಂಕಿತವಾಗುತ್ತವೆ, ವಯಸ್ಸಾಗಿ ಉದುರುತ್ತವೆ, ಸೋಂಕಿತವು ಸ್ವಲ್ಪ ಬೇಗ ಉದುರುತ್ತವೆ.

ಎಲೆಯ ಆಯುಸ್ಸು 60 ದಿನ ಎಂದರೆ ಉದುರುವ ದರ ದಿನಕ್ಕೆ 0.0167. ರೋಗದಿಂದ ಹೆಚ್ಚುವರಿ 0.0083. ಹರಡುವ ಗುಣಾಂಕ 0.05 ಆದರೆ ಮೂಲ ಸಂತಾನೋತ್ಪತ್ತಿ ಸಂಖ್ಯೆ (ಉಳಿದವೆಲ್ಲ ಆರೋಗ್ಯವಾಗಿದ್ದಾಗ ಒಂದು ಸೋಂಕಿತ ಎಲೆ ಸರಾಸರಿ ಎಷ್ಟು ಎಲೆಗೆ ಸೋಂಕು ದಾಟಿಸುತ್ತದೆ ಎಂಬುದು) 0.05 ಭಾಗಿಸು 0.025, ಅಂದರೆ 2. ಉದುರಿದಷ್ಟೇ ಎಲೆ ಹುಟ್ಟಿ ಒಟ್ಟು ಸಂಖ್ಯೆ ಸ್ಥಿರವಾಗಿದ್ದರೆ ರೋಗ ಶೇ. 50ರಲ್ಲಿ ನಿಲ್ಲುತ್ತದೆ. ಉಳಿದದ್ದು ಹಾಗೇ ಇದ್ದು ಆಯುಸ್ಸು 30 ದಿನಕ್ಕೆ ಇಳಿದರೆ ಆ ಸಂಖ್ಯೆ 1.2, ರೋಗ ಶೇ. 17. ಹುಲ್ಲು ಎಲೆ ಬದಲಿಸುವ ವೇಗವೇ ಅದರ ರಕ್ಷಣೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಒಂದು ಬೇಸಿಗೆಯ ರೋಗಪ್ರಮಾಣ ಮಾತ್ರ ಕೈಯಲ್ಲಿದ್ದರೆ ಹರಡುವ ಗುಣಾಂಕ ಮತ್ತು ಉದುರುವ ದರ ಇವೆರಡನ್ನೂ ಬೇರೆಯಾಗಿ ಅಂದಾಜಿಸಲು ಆಗುವುದಿಲ್ಲ, ಅವುಗಳ ಅನುಪಾತ ಮಾತ್ರ ಸಿಗುತ್ತದೆ. ಸ್ಟ್ಯಾನ್ ಎಂಬ ಬೇಸಿಯನ್ ತಂತ್ರಾಂಶದಲ್ಲಿ ಓಡಿಸಿದಾಗ ಎರಡು ಪ್ಯಾರಾಮೀಟರ್‌ಗಳ ಚುಕ್ಕಿಗಳು ಉದ್ದನೆಯ ಓರೆ ಗೆರೆಯಂತೆ ಬಿದ್ದರೆ ಇದೇ ಕಾಯಿಲೆ. ಸರಪಳಿಯನ್ನು, ಅಂದರೆ ತಂತ್ರಾಂಶ ಒಂದರ ಹಿಂದೊಂದು ತೆಗೆಯುವ ಪ್ಯಾರಾಮೀಟರ್ ಮಾದರಿಗಳನ್ನು, ಇನ್ನಷ್ಟು ಹೊತ್ತು ಓಡಿಸಿದರೆ ಏನೂ ಪ್ರಯೋಜನವಿಲ್ಲ. ಸೂಜಿ ಚುಚ್ಚಿ ಅಳೆದ ಎಲೆಯ ಡೇಟಾ ಒಳಗೆ ಬರಬೇಕು.

ನಿಜವಾದ ಡೇಟಾ ಮುಟ್ಟುವ ಮೊದಲು, ಗೊತ್ತಿರುವ ಪ್ಯಾರಾಮೀಟರ್‌ಗಳಿಂದ ನೂರು ಕೃತಕ ಡೇಟಾ ಹುಟ್ಟಿಸಿ, ನಿಮ್ಮ ನಿಜವಾದ ಸಮೀಕ್ಷೆಯ ದಿನಾಂಕ ಮತ್ತು ಎಲೆಸಂಖ್ಯೆಯನ್ನೇ ಬಳಸಿ, ಮಾಡೆಲ್ ಹೊಂದಿಸಿ. ಮಾಡೆಲ್ ಕೊಡುವ ಶೇ. 90ರ ಅನಿಶ್ಚಿತತೆಯ ವ್ಯಾಪ್ತಿ ಸುಮಾರು 90 ಸಲ ನಿಜ ಮೌಲ್ಯವನ್ನು ಹಿಡಿಯಬೇಕು. 60 ಸಲ ಮಾತ್ರ ಹಿಡಿದರೆ ಕೋಡ್ ತಪ್ಪು, ಇಲ್ಲವೇ ಪ್ರಶ್ನೆ ಈ ಡೇಟಾಕ್ಕೆ ಭಾರ. ಸರಪಳಿಗಳು ಒಂದೇ ಉತ್ತರಕ್ಕೆ ಬಂದವೇ ಎಂದು ತೋರಿಸುವ ಆರ್-ಹ್ಯಾಟ್ 1.01ಕ್ಕಿಂತ ಕೆಳಗಿರಬೇಕು, ಲೆಕ್ಕ ದಾರಿ ತಪ್ಪಿತೆಂದು ಹೇಳುವ ಡೈವರ್ಜೆನ್ಸ್ ಎಚ್ಚರಿಕೆ ಒಂದೂ ಇರಬಾರದು ಎಂಬುದು ಇದಾದ ಮೇಲಿನ ಮಾತು.

ಪರೀಕ್ಷೆ ಮತ್ತು ಮುನ್ಸೂಚನೆ

ಎಲೆಗಳನ್ನು ಯದ್ವಾತದ್ವಾ ಎರಡು ಪಾಲು ಮಾಡಿ ಪರೀಕ್ಷಿಸಿದರೆ ಯಾವ ಮಾಡೆಲ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಅದೇ ತಾಣದ ಅಕ್ಕಪಕ್ಕದ ಎಲೆಗಳು ಎರಡೂ ಕಡೆ ಇರುತ್ತವೆ. ಒಂದು ತಾಣವನ್ನು ಪೂರ್ತಿ ಹೊರಗಿಡಿ, ಆಮೇಲೆ ಒಂದು ವರ್ಷವನ್ನು ಪೂರ್ತಿ ಹೊರಗಿಡಿ. ಹೋಲಿಕೆಗೆ ಪೆದ್ದು ಮಾಡೆಲ್ ಒಂದಿರಲಿ: "ಹೋದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ." ಮುನ್ಸೂಚನೆ ಎಷ್ಟು ತಪ್ಪಿತು ಎಂದು ಅಳೆಯುವ ಬ್ರಯರ್ ಸ್ಕೋರ್‌ನಲ್ಲಿ ಇದನ್ನು ಸೋಲಿಸಲಾಗದ ಮಾಡೆಲ್‌ನಿಂದ ಮುನ್ಸೂಚನೆ ಹೊರಡಿಸಬೇಡಿ. ಸೋಲು ಕೂಡ ಪ್ರಕಟಿಸಲು ಯೋಗ್ಯ.

ಇನ್ನೊಂದು ಕಣ್ಕಟ್ಟು: ಪೂರ್ತಿ ಸತ್ತ ಹುಲ್ಲುಗಾವಲಿನಲ್ಲಿ ಮುಂದಿನ ವರ್ಷ ಕೀಳಲು ಎಲೆಯೇ ಇಲ್ಲ, ತಾಣ ಪಟ್ಟಿಯಿಂದ ಬಿದ್ದುಹೋಗುತ್ತದೆ. ಉಳಿದವುಗಳ ಸರಾಸರಿ ನೋಡಿದರೆ ರೋಗ ಇಳಿದಂತೆ ಕಾಣುತ್ತದೆ. ಶೂಟ್‌ಗಳ ದಟ್ಟಣೆಯನ್ನು ಪ್ರತಿ ಭೇಟಿಯಲ್ಲೂ, ಸೊನ್ನೆ ಇದ್ದರೂ, ಎಣಿಸಿ ಬರೆಯಿರಿ.

ಬೇರೆ ಸಸ್ಯಗಳಿಗೆ ಒಯ್ಯುವಾಗ

ಕಡಲಪಾಚಿ ಕೃಷಿಯ ರೋಗಗಳಿಗೆ ಈ ಕ್ರಮವನ್ನು ಒಯ್ಯಬಹುದು, ಆದರೆ ಎಣಿಸುವ ಘಟಕ ಬದಲಾಗುತ್ತದೆ. ನೋರಿ ಪಾಚಿಯ ಕೆಂಪು ಕೊಳೆ ರೋಗ ಪಿಥಿಯಂ ಪೋರ್ಫೈರೇ ಎಂಬ ಜೀವಿಯಿಂದ ಬರುತ್ತದೆ. ಅಲ್ಲಿ ಹರಡುವಿಕೆ ನೋಡಬೇಕಾದ್ದು ಬಲೆಯಿಂದ ಬಲೆಗೆ. ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯ, ಕೊಂಬೆಗಳು ಬೆಳ್ಳಗಾಗಿ ಮುರಿಯುವ ಐಸ್-ಐಸ್ ರೋಗದಲ್ಲಿ ಒತ್ತಡ ಮೊದಲು, ಬ್ಯಾಕ್ಟೀರಿಯಾ ಆಮೇಲೆ. ಬರೀ ಸೋಂಕಿನ ಮಾಡೆಲ್ ಹಾಕಿದರೆ ಹರಡುವ ಗುಣಾಂಕಕ್ಕೆ ಅರ್ಥವೇ ಇರುವುದಿಲ್ಲ, ಬೆಳಕು, ಶಾಖ, ಉಪ್ಪಿನ ಒತ್ತಡವನ್ನು ಒಳಗೆ ತರಬೇಕು. ಎರಡರಲ್ಲೂ ಎಲೆ ಉದುರುವುದರ ಜಾಗದಲ್ಲಿ ಕೊಯ್ಲು ನಿಲ್ಲುತ್ತದೆ. ಕೊಯ್ಲಿನ ದಿನಾಂಕಗಳನ್ನು ಕೃಷಿಕರ ಬಳಿ ಕೇಳಿ ಬರೆದುಕೊಳ್ಳಿ; ರೋಗ ಕಂಡೊಡನೆ ಬೇಗ ಕೊಯ್ದರೇ ಎಂಬುದನ್ನೂ ಕೇಳಿ, ಏಕೆಂದರೆ ಹಾಗೆ ಕೊಯ್ದ ಹಗ್ಗಗಳು ನಿಮ್ಮ ಎಣಿಕೆಗೆ ಸಿಗುವುದೇ ಇಲ್ಲ.